ಕಾಲುವೆ ಬದಿಯ ಹೂಗಲ್ಲು

ಮದುವೆಯಾಗಿ ಕಮಲಾಪುರಕ್ಕೆ ಬಂದ ವಾರದಲ್ಲೇ ಭೀಮವ್ವ ಬಾಳೆತೋಟಕ್ಕೆ ಕೂಲಿಗಿಳಿದಳು. ಧಣಿಗಳು ಬದಲಾದರು, ಬಾಳೆಯ ತಳಿ ಬದಲಾಯಿತು, ಅವಳ ಸೊಂಟ ಬಗ್ಗುವುದು ಮಾತ್ರ ತಪ್ಪಲಿಲ್ಲ. ಈಗ ಬಾಳೆಯೂ ಇಲ್ಲ, ಜಾಗ ಹೋಟೆಲಿನವರ ಪಾಲಾಗಿದೆ. ಹಂಪಿಯ ಮಗ್ಗುಲಲ್ಲವೇ, ಕಟ್ಟುವ ಮೊದಲು ನೆಲದಡಿ ಹಳೆಯದೇನಾದರೂ ಇದೆಯೋ ಎಂದು ಅಗೆದು ನೋಡಬೇಕಂತೆ. ಆ ಅಗೆತಕ್ಕೂ ಭೀಮವ್ವನೇ ಕೂಲಿ.

ಪುರಾತತ್ವ ಇಲಾಖೆಯಿಂದ ಸರ್ವೆಗೆ ಬಂದ ಯಶೋಧರಾ ಮೇಡಂ ಕಾಲುವೆ ಬದಿಯಲ್ಲಿ ಹೂ ಕೆತ್ತಿದ ಕಲ್ಲೊಂದನ್ನು ಕಂಡು ಹಿಗ್ಗಿ, ಸುತ್ತ ಗೂಟ ಹೊಡೆಸಿ ದಾರ ಕಟ್ಟಿಸಿದಳು. ಭೀಮವ್ವ ಹೊತ್ತಿದ್ದ ಮಣ್ಣಿನ ಬುಟ್ಟಿಯನ್ನು ಕೆಳಗಿಳಿಸಿದಳು.

ಆ ಕಲ್ಲನ್ನು ಅಲ್ಲಿಟ್ಟವಳು ಅವಳೇ. ಹಲ್ಲು ಬಾರದ ಕೂಸನ್ನು ಮಸಣಕ್ಕೆ ಒಯ್ಯುವ ರೂಢಿ ಅವಳ ಮನೆತನದಲ್ಲಿಲ್ಲ. ತಾಯಿ ಓಡಾಡುವ ಕಡೆಯೇ ಮಣ್ಣು ಮಾಡುತ್ತಾರೆ. ಚೊಚ್ಚಲ ಮಗಳು ಜ್ವರದಲ್ಲಿ ಹೋದಾಗ, ನಾಯಿ ಕೆದರಬಾರದೆಂದು, ತಾನು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನೇ ಉರುಳಿಸಿ ತಂದು ಮೇಲಿಟ್ಟಿದ್ದಳು. ಕೆತ್ತಿದ ಕಲ್ಲಿಗೆ ಈ ಸೀಮೆಯಲ್ಲಿ ಏನು ಬರ? ಕಾಯಲೆಂದು ಇಟ್ಟ ಕಲ್ಲೇ ಈಗ ಸಲಿಕೆಯನ್ನು ಕರೆದಿತ್ತು.

ಹುಲುಗೇಶ ಅಗೆಯಲು ಬಂದ. ಗೆಡ್ಡೆ ಕೀಳುವ ಹಾಗೆ ಅಗೆಯುವ ಒರಟು ಆಳು. ಹೇಳಿದರೆ ಪೊಲೀಸರು ಬಂದಾರೆಂದು ಭಯ, ಹೇಳದಿದ್ದರೆ ಮಗಳು ಇಷ್ಟು ಮಂದಿಯೆದುರು ಬಯಲಿಗೆ ಬಿದ್ದಾಳೆಂದು ಭಯ. ಸಲಿಕೆ ಮೇಲೆದ್ದಿದ್ದೇ ತಡ, ಭೀಮವ್ವ ಅಡ್ಡ ನಿಂತಳು.

"ಆ ಕಲ್ಲು ನಾನ ಇಟ್ಟೀನ್ರಿ ಮೇಡಂ. ಅದರ ಬುಡಕ ನನ್ನ ಕೂಸು ಐತ್ರಿ."

ಯಶೋಧರಾ ಬಗ್ಗಿ ತಾನೇ ದಾರ ಬಿಚ್ಚತೊಡಗಿದಳು. ಭೀಮವ್ವನಿಗೆ ಹೋದ ಜೀವ ಬಂದಂತಾಯಿತು. ಆದರೆ ಯಶೋಧರಾ ಇಲ್ಲೇ ಪಕ್ಕದ ಕಂಪ್ಲಿಯ ಹುಡುಗಿ, ಸುಳ್ಳು ಸಮಾಧಾನ ಹೇಳಲು ಬಾರದವಳು.

"ನಾವು ಮುಟ್ಟಂಗಿಲ್ಲವ್ವಾ. ಆದ್ರ ಕಲ್ಲು ಬ್ಯಾರೆ ಕಡೆಯಿಂದ ಬಂದದ್ದು, ಇಲ್ಲಿ ನೆಲದಾಗ ಹಳೇದೇನೂ ಇಲ್ಲ ಅಂದ್ರ ಹೋಟೆಲಿನವರಿಗೆ ಪರ್ಮಿಶನ್ ಸಿಗತೈತಿ. ಆಮ್ಯಾಲ ಜೆಸಿಬಿ ಬರತೈತಿ."

ಕಲ್ಲು ಮೊದಲಿಂದಲೂ ಇಲ್ಲಿಯದೇ ಎಂದು ಮೇಡಂ ನಂಬಿದ್ದರೆ ಈ ಮೂಲೆಯಾದರೂ ಉಳಿಯುತ್ತಿತ್ತೇನೋ. ಅದನ್ನೂ ತನ್ನ ಬಾಯಾರೆ ಕಳೆದುಕೊಂಡಿದ್ದಳು.

"ದಾರ ಬಿಚ್ಚಬ್ಯಾಡ್ರಿ," ಎಂದಳು ಭೀಮವ್ವ. "ನನ್ನ ಕೂಸನ್ನ ನಾನ ತಗೀತೀನಿ."

ಹುಲುಗೇಶ ಸಲಿಕೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಕಲ್ಲು ಸರಿಸಿ, ಪಕ್ಕದಲ್ಲಿ ಸೆರಗು ಹಾಸಿ, ಬರಿಗೈಯಲ್ಲಿ ಮಣ್ಣು ಬಗೆಯತೊಡಗಿದಳು. ಇಷ್ಟು ಹೊತ್ತು ಎಲುಬು ಸಿಕ್ಕೀತೆಂದು ಹೆದರಿದ್ದವಳಿಗೆ, ಮೊಣಕೈ ಆಳಕ್ಕಿಳಿದ ಮೇಲೆ, ಏನೂ ಸಿಗದೆ ಹೋದೀತೆಂದು ಹೆದರಿಕೆಯಾಯಿತು.