ಹಸಿರು ದಾರದ ಜೆರಾಕ್ಸ್ ಕಟ್ಟು

ನನ್ನ ಮೇಜಿನ ಮೇಲೆ, ಕನ್ನಡಕದ ಗೂಡಿನ ಪಕ್ಕದಲ್ಲಿ, ಹಸಿರು ದಾರದಿಂದ ಹೊಲಿದ ಜೆರಾಕ್ಸ್ ಹಾಳೆಗಳ ಕಟ್ಟೊಂದಿದೆ. ಮೂಸಿದರೆ ಇಂದಿಗೂ ಜೋಳದ ಹಿಟ್ಟಿನ ವಾಸನೆ. ಡೇಟಾಬೇಸ್ ಎಂಬ ವಿದ್ಯೆಯನ್ನು ನಾನು ಕಲಿತದ್ದು ಈ ಕಟ್ಟಿನಿಂದ, ಅದೂ ಮೊದಲು ಇದನ್ನು ತಿರಸ್ಕರಿಸಿದ ಮೇಲೆ ಎಂಬುದನ್ನು, ಓದುಗ ಮಿತ್ರರೇ, ಆರಂಭದಲ್ಲೇ ಒಪ್ಪಿಕೊಳ್ಳುತ್ತೇನೆ. ಕಾಲ, ಕಳೆದ ಶತಮಾನದ ಕೊನೆಯ ವರ್ಷಗಳು. ನಾನು ಕಲಿಯಹೊರಟ ಇಸವಿಯನ್ನು ನನ್ನ ದಿನಚರಿ ಒಂದು ಹೇಳುತ್ತದೆ, ಪುಸ್ತಕದಂಗಡಿಯ ರಸೀದಿ ಇನ್ನೊಂದು; ಎರಡೂ ಹೊಂದುವವರೆಗೆ ಅದನ್ನು ನಮೂದಿಸುವುದು ನನ್ನ ಅಭ್ಯಾಸಕ್ಕೆ ಒಗ್ಗದು.

ನಿವೃತ್ತನಾಗುವವರೆಗೂ ಶಾಸನಗಳ ಸಂಶೋಧನೆ ನನ್ನ ಕಸುಬಾಗಿತ್ತು. ಹರಿಹರದ ಸುತ್ತಿನ ಕಲ್ಲುಗಳನ್ನು ನನ್ನೊಡನೆ ಕೂತು ಓದಿದವರು ಮಾಯಕೊಂಡದ ಗೆಳೆಯ ರುದ್ರಪ್ಪನವರು. ಇಬ್ಬರೂ ಊರುವಾರು ಬರೆದಿಟ್ಟ ಚೀಟಿಗಳು ದೇವರಾಜ ಅರಸು ಬಡಾವಣೆಯ ನನ್ನ ಮನೆಯಲ್ಲಿ, ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ತುಂಬಿದ್ದವು. ರುದ್ರಪ್ಪನವರ ಕಣ್ಣು ಮಬ್ಬಾಗತೊಡಗಿದ ದಿನಗಳಲ್ಲಿ ಒಮ್ಮೆ ಅವರು ಚೀಟಿಯೊಂದನ್ನು ಮೂಗಿನವರೆಗೂ ತಂದು, "ಅಕ್ಷರ ಇರುವೆ ಸಾಲಿನಂಗೆ ಕಾಣ್ತೈತ್ರಿ. ಕಾಲಾನುಕ್ರಮದಾಗೆ ದೊಡ್ಡಕ್ಷರದ ಪಟ್ಟಿ ಮಾಡಿ ಕೊಡ್ರಿ, ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ತಿದ್ದಿಬಿಡ್ತೀನಿ" ಎಂದರು. ಕೆಲವು ಕಲ್ಲುಗಳು ಆ ವೇಳೆಗಾಗಲೇ ಮನೆಗಳ ಪಾಯ ಸೇರಿದ್ದವು; ಅವನ್ನು ಕಣ್ಣಾರೆ ಓದಿದವರು ನಾವಿಬ್ಬರೇ. ಅವರ ಕಣ್ಣಿಗೆ ವೈದ್ಯರು ಕೊಟ್ಟಿದ್ದ ಗಡುವು ಕೆಲವೇ ತಿಂಗಳು. ಕೈಯಿಂದ ಜೋಡಿಸಲು ಅಷ್ಟು ಸಾಲದು, ಕಂಪ್ಯೂಟರಿಗೆ ಸಾಕು ಎಂದು ಯಾರೋ ಹೇಳಿದರು.

ನಮ್ಮೂರಿನ ನಿಟ್ಟುವಳ್ಳಿ ಬಡಾವಣೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲೊಂದು ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಅಲ್ಲಿನ ಶಿಕ್ಷಕಿ ಶೈಲಾ ಮೊದಲ ದಿನವೇ ಈ ಕಟ್ಟಿನ ಮೂಲಪ್ರತಿಯನ್ನು ನನ್ನ ಮುಂದಿಟ್ಟರು. ನಾನು ಮೊದಲ ಪುಟ ನೋಡಿದೆ, ಕೊನೆಯ ಪುಟ ನೋಡಿದೆ.

"ಬರೆದವರ ಹೆಸರಿಲ್ಲ, ಇಸವಿ ಇಲ್ಲ. ಇದನ್ನ ಹೆಂಗೆ ನಂಬೋದಮ್ಮ?"

"ಇಲ್ಲಿ ಕಲಿತೋರೆಲ್ಲ ಇದನ್ನೇ ನಂಬ್ಯಾರ್ರಿ ಸರ್. ಕೀಲಿ ಒತ್ತಿ ನೋಡ್ರಿ, ಸುಳ್ಳಾದ್ರೆ ಮಷೀನೇ ಹೇಳತೈತೆ."

ನನಗೆ ಸಮಾಧಾನವಾಗಲಿಲ್ಲ. ಪೇಟೆಗೆ ಹೋಗಿ, ಮುದ್ರಣದ ಇಸವಿ, ಆವೃತ್ತಿ, ಆಧಾರಗ್ರಂಥಗಳ ಪಟ್ಟಿ ಎಲ್ಲವೂ ಕ್ರಮವಾಗಿದ್ದ ದಪ್ಪ ಗ್ರಂಥವೊಂದನ್ನು ಕೊಂಡುತಂದು ಎರಡು ತಿಂಗಳು ಟಿಪ್ಪಣಿ ಮಾಡಿಕೊಂಡು ಓದಿದೆ. ಅದರಲ್ಲಿ ದೋಷವಿರಲಿಲ್ಲ; ಆದರೆ ಅದು ಹೊಸ ತಂತ್ರಾಂಶದ ಕುರಿತದ್ದು, ಗಿರಣಿಯ ಮೇಲಿನ ಯಂತ್ರದಲ್ಲಿದ್ದದ್ದು ಹಳೆಯದು. ಹೇಗೋ ಹೆಣಗಿ ಚೀಟಿಗಳನ್ನು ಆ ಯಂತ್ರಕ್ಕೆ ತುಂಬಿದೆ. ಇಸವಿಯ ಜಾಗದಲ್ಲಿ ಎರಡೇ ಅಂಕಿ ಹಿಡಿಯುತ್ತಿದ್ದುದರಿಂದ ಕೊನೆಯ ಎರಡನ್ನಷ್ಟೇ ಒತ್ತಿದೆ. ಪಟ್ಟಿ ಹೊರಬಂದಾಗ ನೋಡುತ್ತೇನೆ, ಯಂತ್ರವು ಎಲ್ಲ ಕಲ್ಲುಗಳನ್ನೂ ಇಪ್ಪತ್ತನೆಯ ಶತಮಾನಕ್ಕೆ ಎಳೆತಂದಿದೆ. ಹೊಯ್ಸಳರ ದಂಡನಾಯಕನೊಬ್ಬ ನಮ್ಮ ತಂದೆಯವರ ಓರಗೆಯವನಾಗಿ ದಾನ ಕೊಡುತ್ತಿದ್ದಾನೆ!

ಶೈಲಾ ನಗು ತಡೆದುಕೊಂಡು, ಅದೇ ಕಟ್ಟಿನ ಒಂದು ಪುಟ ತೆರೆದರು. ಅಂಚಿನಲ್ಲಿ ಯಾರದೋ ಪೆನ್ಸಿಲ್ ಬರಹ: "ಅಜ್ಜನ ಹುಟ್ಟಿದ ತಾರೀಖು ಹಾಕುವಾಗ ಮೊದಲು 'ಸೆಟ್ ಸೆಂಚುರಿ ಆನ್' ಎಂಬ ಆಜ್ಞೆ ಕೊಡಿ. ಇಲ್ಲವಾದರೆ ಅಜ್ಜ ಮೊಮ್ಮಗನಿಗಿಂತ ಚಿಕ್ಕವನಾಗುತ್ತಾನೆ." ಹಾಗೆ ಕೊಟ್ಟೆ; ಇಸವಿ ನಾಲ್ಕಂಕಿಯಾಯಿತು.

"ಹೆಸರು, ಇಸವಿ ಇಲ್ಲದ ಕಲ್ಲನ್ನ ನಂಬ್ತೀರಿ, ಕಾಗದಾನ ಯಾಕ್ರಿ ನಂಬಲ್ಲ ಸರ್?"

ತೇದಿಯಿಲ್ಲದ ಶಾಸನವನ್ನು ನಾವು ಲಿಪಿಯ ತಿರುವಿನಿಂದ, ಸವೆತದಿಂದ, ಸುತ್ತಣ ಕಲ್ಲುಗಳ ಸಾಕ್ಷ್ಯದಿಂದ ಕಾಲಕ್ಕೆ ಕೂಡಿಸುತ್ತೇವೆ. ಆ ಕಣ್ಣಿನಿಂದ ಅಂದೇ ನೋಡಿದ್ದರೆ ಈ ಕಟ್ಟಿನಲ್ಲಿ ಐದಾರು ಕೈಗಳ ಅಕ್ಷರ ಕಾಣುತ್ತಿತ್ತು: ಒಬ್ಬರು ಎಡವಿದ ಜಾಗದಲ್ಲಿ ಮುಂದೆ ಬರುವವರಿಗಾಗಿ ಬಿಟ್ಟ ಗುರುತುಗಳು. ಒಳ್ಳೆಯ ಆಕರವೆಂದರೆ ಹೆಸರು, ಇಸವಿಗಳ ವಂಶಾವಳಿ ಸರಿಯಾಗಿರುವುದಷ್ಟೇ ಅಲ್ಲ, ನಮ್ಮೆದುರಿನ ಯಂತ್ರವನ್ನು ಬಲ್ಲದ್ದು ಎಂಬುದು ಹೊಳೆಯಲು ನನಗೆ ಎರಡು ತಿಂಗಳು ಹಿಡಿದವು. ಅವು ನನ್ನವಾಗಿದ್ದರೆ ಚಿಂತೆಯಿರಲಿಲ್ಲ, ರುದ್ರಪ್ಪನವರ ಕಣ್ಣಿನವು.

ಚೀಟಿಗಳನ್ನೆಲ್ಲ ಮತ್ತೆ ತುಂಬಿ, ದೊಡ್ಡಕ್ಷರದ ಪಟ್ಟಿಯನ್ನು ಮಾಯಕೊಂಡಕ್ಕೆ ಒಯ್ದೆ. ರುದ್ರಪ್ಪನವರು ಭೂತಗನ್ನಡಿ ಹಿಡಿದು ದಿನಕ್ಕೆರಡು ಹಾಳೆಯಂತೆ ತಿದ್ದಿದರು. ಪಾಯ ಸೇರಿದ ಕಲ್ಲುಗಳೆಲ್ಲ ಮುಗಿದವು. ಕೊನೆಯ ಹನ್ನೊಂದು ಹಾಳೆಗಳ ಹೊತ್ತಿಗೆ ಭೂತಗನ್ನಡಿಯನ್ನು ನನ್ನ ಕೈಗಿತ್ತು, "ಇನ್ನ ನೀವು ಓದ್ರಿ, ನಾನು ಕೇಳ್ತೀನಿ" ಎಂದರು. ನಾನು ಓದಿದೆ. ಎರಡು ತಿಂಗಳ ಹಿಂದೆಯಾಗಿದ್ದರೆ ಅವರೇ ಓದುತ್ತಿದ್ದರು.

ಮರುವಾರ ನಿಟ್ಟುವಳ್ಳಿಗೆ ಹೋಗಿ, ಮೂಲಪ್ರತಿಯ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: "ಬೇರೆ ಪುಸ್ತಕ ಕೊಳ್ಳುವ ಮೊದಲು ಇದನ್ನು ಪೂರ್ತಿ ಓದಿ." ಆಮೇಲೆ ತೆಗೆಸಿದ ಪ್ರತಿಯೇ ಈಗ ನನ್ನ ಮೇಜಿನ ಮೇಲಿರುವುದು, ನನ್ನ ಸಾಲೂ ಆ ಅಜ್ಜನ ತಾರೀಖಿನ ಸಾಲಿನಂತೆ ಬೂದುಬಣ್ಣದಲ್ಲಿ ಮೂಡಿದೆ. ಹೆಸರು ಹಾಕಲಿಲ್ಲ. ತೇದಿಯನ್ನು ಮಾತ್ರ ಹಾಕಿದೆ, ಗೋಡೆಯ ಕ್ಯಾಲೆಂಡರನ್ನೂ ಶೈಲಾ ಅವರ ತಾರೀಖು ತೋರುವ ಕೈಗಡಿಯಾರವನ್ನೂ ಎರಡೆರಡು ಬಾರಿ ನೋಡಿ.