ಹೂಂ ಅಂದ ಅಜ್ಜ

‘ಸರಿಯಾದ ರೋಗಿಗೆ ಸರಿಯಾದ ಮದ್ದು’ ಅಂತ ವಾರ್ಡಿನ ಗೋಡೆ ಮೇಲೆ ಚೆಂದದ ಅಕ್ಷರದಲ್ಲಿ ಬರೆದ ನರ್ಸ್ ನಾನೇ. ಅವತ್ತು ಇನ್ಸುಲಿನ್ ಸಿರಿಂಜು ಹಿಡಿದು ಮೂರನೇ ಮಂಚದಲ್ಲಿದ್ದ ಅಜ್ಜನನ್ನು ಕೇಳಿದೆ, “ರುದ್ರಪ್ಪ ನೀವೇ ಅಲ್ವಾ?”

“ಹೂಂ ರೀ,” ಅಂತ ಅಜ್ಜ ತೋಳು ಚಾಚಿದರು.

ಇನ್ನೇನು ಚುಚ್ಚಬೇಕು, ಕಿಟಕಿ ಪಕ್ಕದ ಮಂಚದಿಂದ ಒಬ್ಬರು ಕೂಗಿದರು, “ಸಿಸ್ಟರ್, ರುದ್ರಪ್ಪ ನಾನು! ಇಲ್ಲಿ ಗಾಳಿ ಐತೆ ಅಂತ ಮಂಚ ಬದಲಾಯಿಸಿಕೊಂಡ್ವಿ.”

ಸಿರಿಂಜು ಹಿಂದಕ್ಕೆ ಎಳೆದುಕೊಂಡೆ. “ಅಜ್ಜಾ, ನಿಮಗೆ ಸಕ್ಕರೆ ಕಾಯಿಲೆನೇ ಇಲ್ಲ. ಇದು ಜೀವಕ್ಕೇ ಕುತ್ತು ತರ್ತಿತ್ತು. ಹೂಂ ಯಾಕಂದ್ರಿ?”

“ಓದಿದೋರು ನೀವು. ಅಲ್ಲ ಅನ್ನಾಕೆ ಬಾಯಿ ಬರಲಿಲ್ಲ.”

ಮರುವಾರ ತಪಾಸಣೆಗೆ ಬಂದ ಸಾಹೇಬರು ಗೋಡೆಬರಹ ಮೆಚ್ಚಿ ಕೇಳಿದರು, “ಇದನ್ನೆಲ್ಲ ತಪ್ಪದೆ ಪಾಲಿಸ್ತೀರಿ, ಅಲ್ವಾ?”

“ಹೂಂ ಸಾರ್,” ಅಂದೆ. ದೊಡ್ಡೋರು ಅವರು. ಅಲ್ಲ ಅನ್ನಾಕೆ ನನಗೂ ಬಾಯಿ ಬರಲಿಲ್ಲ.