ಮೂಡುಬಿದಿರೆಗೆ ಮೊದಲು ತಲುಪಿದವರು

ಶುರುವಾದದ್ದು ೧೯೯೭ರ ನವೆಂಬರ್ ೨೩, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ. ನೇತ್ರಾವತಿಯ ಮೇಲೆ ಮಂಜು ಇತ್ತು. ಸೈಕಲ್ ಎರಡು, ಎರಡೂ ಕಪ್ಪು, ಎರಡಕ್ಕೂ ಗೇರ್ ಇಲ್ಲ. ನನಗೆ ಹದಿನೆಂಟು, ಭಾವನಿಗೆ ಇಪ್ಪತ್ತು.

ಭಾವ ಎಂದರೆ ನನ್ನ ಸೋದರಮಾವನ ಮಗ. ವಿಟ್ಲದಲ್ಲಿ ಒಂದು ಅಡಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಸೈಕಲಿನಲ್ಲಿ ನಮ್ಮ ಮನೆಗೆ ಬಂದು ಮಲಗುತ್ತಿದ್ದ. ಭಾನುವಾರ ಇಬ್ಬರೂ ಸುತ್ತು ಹೊರಡುತ್ತಿದ್ದೆವು: ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಅಲ್ಲಿಂದ ಎಡಕ್ಕೆ ತಿರುಗಿ ವೇಣೂರಿನ ಮೇಲೆ ಮೂಡುಬಿದಿರೆ, ಅಲ್ಲಿಂದ ಸಿದ್ಧಕಟ್ಟೆಯ ದಾರಿಯಲ್ಲಿ ಮನೆಗೆ. ಗುರುವಾಯನಕೆರೆಯವರೆಗೆ ಮಾತಾಡಿಕೊಂಡು ಹೋಗುವುದು, ಅಲ್ಲಿ ಚಾ ಕುಡಿಯುವುದು, ಆಮೇಲೆ ಮೂಡುಬಿದಿರೆಯ ಹೋಟೆಲಿನವರೆಗೆ ಅವರವರ ಶಕ್ತಿ ಎಂದು ಒಪ್ಪಂದವಾಗಿತ್ತು.

ನಾನು ಡೈರಿಯಲ್ಲಿ ಪ್ರತಿ ಭಾನುವಾರಕ್ಕೆ ಒಂದು ಪುಟ ಇಟ್ಟಿದ್ದೆ. ಹೊರಟ ಸಮಯ, ಮುಟ್ಟಿದ ಸಮಯ, ಚೈನು ಜಾರಿದ್ದು ಎಷ್ಟು ಸಲ, ಏರಿನಲ್ಲಿ ಕಾಲು ಊರಿದ್ದು ಎಷ್ಟು ಸಲ. ಕೊನೆಯ ಕಾಲಂ, ಮೊದಲು ತಲುಪಿದವರು. ಅದರಲ್ಲಿ ‘ಭಾ’ ಅಥವಾ ‘ನಾ’ ಎಂದು ಬರೆಯುವುದು. ಮೊದಲನೆಯ ದಿನ ‘ಭಾ’, ನಾಲ್ಕು ನಿಮಿಷದಿಂದ. ಅದನ್ನು ಸಹಿಸಿಕೊಳ್ಳಬಹುದಿತ್ತು. ಡಿಸೆಂಬರ್ ೨೧ರಂದು ಇಪ್ಪತ್ತೆರಡು ನಿಮಿಷದಿಂದ ‘ಭಾ’. ನಾನು ಬೆವರಿಳಿಸಿಕೊಂಡು ಹೋಟೆಲ್ ಮುಟ್ಟುವಾಗ ಅವನು ಬನ್ಸ್ ತಿಂದು, ಕೈ ತೊಳೆದು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೋಟೆಲಿನವರು ನನ್ನನ್ನು ನೋಡಿ, “ಬನ್ನಿ ಬನ್ನಿ, ನಿಮ್ಮ ಭಾವ ಈಗ ಊಟಕ್ಕೆ ಹೊರಡುವ ಅಂದಾಜಿನಲ್ಲಿದ್ದಾರೆ” ಎಂದರು.

“ದಾರಿಯಲ್ಲಿ ನಿದ್ದೆ ಮಾಡಿದೆಯಾ ಮಾರಾಯ?” ಎಂದ ಭಾವ.

“ಗಾಳಿ ಇತ್ತು.”

“ನನಗೂ ಅದೇ ಗಾಳಿ ಅಲ್ವಾ?”

ಮನೆಯಲ್ಲೂ ಇದೇ. ಅಮ್ಮನಿಗೆ ಅವನು ಅಣ್ಣನ ಮಗ. ನೀರುದೋಸೆ ಮೊದಲು ಅವನ ತಟ್ಟೆಗೆ ಬೀಳುತ್ತಿತ್ತು. “ಪಾಪ, ವಿಟ್ಲದಿಂದ ತುಳಿದುಕೊಂಡು ಬಂದಿದ್ದಾನೆ” ಎನ್ನುತ್ತಿದ್ದಳು. ನಾನು ತುಳಿಯುವುದು ಅವಳಿಗೆ ಕಾಣುತ್ತಿರಲಿಲ್ಲ. ಒಂದು ಶನಿವಾರ ಅವನು ಚಾಪೆಯ ಮೇಲೆ ಒರಗಿದ್ದಾಗ ಅಮ್ಮನ ಹೊಲಿಗೆಯ ಟೇಪು ತಂದು ಅವನ ಮೀನಖಂಡ ಅಳೆದೆ. ಹದಿಮೂರೂವರೆ ಇಂಚು. ನನ್ನದು ಹದಿಮೂರು. “ಎಂಥ, ಪ್ಯಾಂಟು ಹೊಲಿಸ್ತೀಯಾ?” ಎಂದು ಅವನು ಕಾಲು ಜಾಡಿಸಿದ. ಅರ್ಧ ಇಂಚಿಗೆ ಇಪ್ಪತ್ತೆರಡು ನಿಮಿಷವೆ? ಮರುದಿನದಿಂದ ಕಡಲೆ ನೆನೆಹಾಕಿ ತಿನ್ನತೊಡಗಿದೆ. ಎರಡು ತಿಂಗಳು ತಿಂದೆ. ಕಾಲು ಅಷ್ಟೇ ಇತ್ತು, ಹೊಟ್ಟೆ ಉಬ್ಬರಿಸಿತು.

೧೯೯೮ರ ಮಳೆಗಾಲದಲ್ಲಿ ನನಗೆ ಆಸೆ ಹುಟ್ಟಿತು. ಜೂನ್‌ನಿಂದ ಅಂತರ ಮತ್ತೆ ನಾಲ್ಕು ನಿಮಿಷಕ್ಕೆ ಇಳಿಯಿತು, ಒಂದು ಸಲ ಮೂರಕ್ಕೆ. ಕಡಲೆ ತಡವಾಗಿ ಕೆಲಸ ಮಾಡಿತೆಂದು ಬರೆದುಕೊಂಡಿದ್ದೇನೆ. ಡಿಸೆಂಬರ್ ೧೩ರಂದು ಅವನು ತನಗೆ ಜ್ವರವೆಂದು ಬಸ್ಸಿನವರ ಹತ್ತಿರ ಹೇಳಿ ಕಳುಹಿಸಿದ್ದ. ನಾನೊಬ್ಬನೇ ಹೋಗಿ ಬಂದು ಕೊನೆಯ ಕಾಲಂನಲ್ಲಿ ಮೊದಲ ಬಾರಿ ‘ನಾ’ ಎಂದು ಬರೆದೆ. ಮರುವಾರ ಅಂತರ ಇಪ್ಪತ್ತೊಂದು ನಿಮಿಷ.

ಆ ವರ್ಷದ ಕೊನೆಯ ಭಾನುವಾರ, ಡಿಸೆಂಬರ್ ೨೭ರ ಸಂಜೆ, ಎಲ್ಲ ಪುಟಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ. ಒಟ್ಟು ನಲವತ್ತನಾಲ್ಕು ಸುತ್ತು. ಭಾ ನಲವತ್ತಮೂರು, ನಾ ಒಂದು. ಆ ಒಂದರಲ್ಲಿ ಎದುರಿಗೆ ಯಾರೂ ಇರಲಿಲ್ಲ. ತಿಂಗಳ ಪ್ರಕಾರ ಬಿಡಿಸಿದಾಗ ಮಾತ್ರ ವಿಷಯ ಕಂಡಿತು. ಡಿಸೆಂಬರಿನಿಂದ ಮೇ ತನಕ ಇಪ್ಪತ್ತರ ಮೇಲೆ. ಜೂನಿನಿಂದ ನವೆಂಬರ್ ತನಕ ನಾಲ್ಕು. ಮನುಷ್ಯನ ಕಾಲು ಮಳೆ ನೋಡಿ ನಿಧಾನವಾಗುವುದಿಲ್ಲ. ಬೇಸಿಗೆಯಲ್ಲಿ ಇರುವ, ಮಳೆ ಬಂದರೆ ಇಲ್ಲವಾಗುವ ಒಂದು ದಾರಿ ಎಲ್ಲೋ ಇರಬೇಕು.

೧೯೯೯ರ ಜನವರಿ ೧೭ರಂದು ವೇಣೂರು ದಾಟುವವರೆಗೆ ಉಸಿರು ಕಟ್ಟಿಕೊಂಡು ತುಳಿದು ಅವನನ್ನು ಕಣ್ಣಿಗೆ ಸಿಗುವಷ್ಟು ದೂರದಲ್ಲಿ ಇಟ್ಟುಕೊಂಡೆ. ಒಂದು ತಿರುವಿನ ನಂತರ ಅವನು ಡಾಂಬರು ಬಿಟ್ಟು ಕೆಂಪು ಮಣ್ಣಿನ ದಾರಿಯಲ್ಲಿ ಇಳಿದ. ಊರಿನ ಹೆಸರು ಬರೆಯುವುದಿಲ್ಲ. ಕೆಳಗೆ ಹೊಳೆ. ಹೊಳೆಗೆ ಅಡ್ಡವಾಗಿ ಕಟ್ಟ: ಮಳೆ ನಿಂತ ಮೇಲೆ ಊರವರು ಸೇರಿ ಗೂಟ ನೆಟ್ಟು, ಹಲಗೆ ಇಟ್ಟು, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುವ ಒಡ್ಡು. ಎರಡನೆಯ ಬೆಳೆಯ ಗದ್ದೆಗಳೆಲ್ಲ ಆ ನೀರನ್ನು ನಂಬಿರುತ್ತವೆ. ಜೂನಿನ ಮೊದಲ ನೆರೆ ಅದನ್ನು ಒಯ್ಯುತ್ತದೆ.

ಭಾವ ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ಸಿಕ್ಕಿಸಿದ, ಸೈಕಲನ್ನು ಹೆಗಲಿಗೆ ಏರಿಸಿದ, ಎರಡು ಅಡಿ ಅಗಲದ ಆ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆದ. ಆಚೆ ದಡದಿಂದ ಒಬ್ಬ ಅಜ್ಜ, “ಇವತ್ತು ತಡ ಆಯಿತಲ್ಲ!” ಎಂದು ಕೂಗಿದರು. ಭಾವ ಏನೋ ಹೇಳಿದ, ಇಬ್ಬರೂ ನಕ್ಕರು. ಅವನು ಗುಡ್ಡದ ಹಿಂದೆ ಮರೆಯಾದ ಮೇಲೆ ನಾನು ಕೆಳಗಿಳಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ: “ಆ ಸೈಕಲಿನವರು ಯಾವಾಗಲೂ ಹೀಗೇ ದಾಟ್ತಾರಾ?”

“ವಿಟ್ಲದ ಅಣ್ಣನಾ? ಅವರು ನಮ್ಮವರೇ ಅಲ್ವಾ. ಮೊನ್ನೆ ಕಟ್ಟ ಕಟ್ಟಿದ ದಿವಸ ಬೆಳಗ್ಗಿಂದ ಸಂಜೆವರೆಗೆ ಮಣ್ಣು ಹೊತ್ತಿದ್ದಾರೆ. ಗಂಜಿಗೆ ಕರೆದರೆ ‘ಇನ್ನೊಂದು ಬುಟ್ಟಿ ಉಂಟು’ ಅಂತ ಬರ್ಲೇ ಇಲ್ಲ.”

“ಯಾವತ್ತು ಕಟ್ಟಿದ್ದು?”

“ಹೋದ ತಿಂಗಳು, ಒಂದು ಆದಿತ್ಯವಾರ. ನೀವೂ ದಾಟಬಹುದು, ಅಡ್ಡಿ ಇಲ್ಲ. ಹೊತ್ತುಕೊಂಡು ಹೋಗ್ಬೇಕು. ಚಕ್ರ ಮಾತ್ರ ತಾಗಬಾರದು, ಹಸಿ ಮಣ್ಣು.”

ದಾರಿ ತಪ್ಪಿ ಬಂದೆನೆಂದು ಹೇಳಿ ಹಿಂದೆ ಹೋದೆ. ಡಿಸೆಂಬರ್ ೧೩ರ ಅವನ ಜ್ವರ ಯಾವುದೆಂದು ಈಗ ತಿಳಿಯಿತು. ಮೋಸ ಸಿಕ್ಕಿತೆಂದು ಖುಷಿಯಾಗಬೇಕಿತ್ತು, ಆಗಲಿಲ್ಲ. ಅವನ ಕಾಲಿನ ಮೇಲಿದ್ದ ಹೊಟ್ಟೆಕಿಚ್ಚು ಇನ್ನೂ ದೊಡ್ಡದಾಯಿತು. ನಾನು ಅದೇ ರಸ್ತೆಯಲ್ಲಿ ನಲವತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ, ಪ್ರತಿ ಮೈಲುಗಲ್ಲಿನ ಸಮಯ ನನ್ನ ಬಳಿ ಇದೆ. ‘ತಡ ಆಯಿತಲ್ಲ’ ಎಂದು ಕೇಳುವ ಒಬ್ಬರೂ ಆ ದಾರಿಯಲ್ಲಿ ನನಗಿಲ್ಲ. ಆ ದಿನದ ಪುಟದಲ್ಲಿ ತಡವಾದದ್ದಕ್ಕೆ ‘ಚೈನು’ ಎಂದು ಬರೆದಿದ್ದೇನೆ. ಡೈರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಜನವರಿ ೨೪ರಂದು ಗುರುವಾಯನಕೆರೆಯಲ್ಲಿ ಭಾವ ಎರಡನೆಯ ಚಾ ಹೇಳಿದಾಗ, “ನೀನು ಕುಡಿ, ನಾನು ಮುಂದೆ ಹೋಗ್ತೇನೆ” ಎಂದು ಹೊರಟೆ. ಅವನು, “ಹೋಗು ಹೋಗು, ಹೋಟೆಲಿನ ಬಾಗಿಲು ತೆಗೆದಿಡು” ಎಂದು ನಕ್ಕ. ಕಟ್ಟದ ಹತ್ತಿರ ಯಾರೂ ಇರಲಿಲ್ಲ. ನನ್ನ ಸೈಕಲಿಗೆ ಕ್ಯಾರಿಯರ್, ಡಬಲ್ ಸ್ಟ್ಯಾಂಡ್, ಡೈನಮೋ ಎಲ್ಲ ಇದ್ದವು. ಹೆಗಲಿಗೇರಿಸಿ ಆರು ಹೆಜ್ಜೆ ಇಟ್ಟೆ. ಒಂದು ಬದಿಗೆ ತುಂಬಿದ ನೀರು, ಇನ್ನೊಂದು ಬದಿಗೆ ಆಳ. ಕೆಳಗಿಳಿಸಿ ದೂಡತೊಡಗಿದೆ. ನಡುವಿನಲ್ಲಿ ಸೈಕಲ್ ವಾಲಿತು. ಅದನ್ನು ಹಿಡಿಯಲು ಅಂಚಿಗೆ ಕಾಲು ಕೊಟ್ಟೆ, ಒಂದು ಬುಟ್ಟಿಯಷ್ಟು ಮಣ್ಣು ಕಳಚಿ ಹೊಳೆಗೆ ಬಿತ್ತು. ಅಲ್ಲಿಂದ ಅಂಗೈಯಷ್ಟು ಅಗಲದ ನೀರು ಹರಿಯತೊಡಗಿತು. ಎರಡು ಸಲ ಮಣ್ಣು ಒತ್ತಿದೆ, ನಿಲ್ಲಲಿಲ್ಲ. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ಗಡಿಯಾರ ನೋಡಿದೆ. ಸೈಕಲ್ ಹತ್ತಿದೆ.

ಮೂಡುಬಿದಿರೆಯ ಹೋಟೆಲನ್ನು ಹತ್ತು ಗಂಟೆ ಎರಡು ನಿಮಿಷಕ್ಕೆ ಮುಟ್ಟಿದೆ. “ಇವತ್ತು ಸೂರ್ಯ ಯಾವ ಕಡೆ?” ಎಂದರು ಹೋಟೆಲಿನವರು. ನಾನು ಕಾಲ ಮೇಲೆ ಕಾಲು ಹಾಕಿ ಕೂತೆ. ಹತ್ತೂವರೆಯಾಯಿತು, ಹನ್ನೊಂದಾಯಿತು. ಹನ್ನೊಂದು ಐವತ್ತಕ್ಕೆ ಭಾವ ಬಂದ. ಮೊಣಕೈಯವರೆಗೆ ಕೆಸರು, ಅಂಗಿಯೂ ಹಾಳು.

“ಎಲ್ಲಿ ಬಿದ್ದೆ?” ಎಂದು ಕೇಳಿದೆ.

“ಬೀಳಲಿಲ್ಲ. ಅಲ್ಲಿ ಒಂದು ಕಟ್ಟ ಉಂಟು, ಒಡೆದಿತ್ತು. ನಾನು ಹೋಗುವಾಗ ಒಂದು ಮಾರು ಅಗಲ ಆಗಿತ್ತು. ಊರವರೊಟ್ಟಿಗೆ ಸೇರಿ ಮುಚ್ಚಿ ಬಂದೆ.” ನೀರು ಕುಡಿದ. “ಮೇಲೆ ಚಕ್ರದ ಗೆರೆ ಇತ್ತು. ಆ ದಾರಿಗೆ ಸೈಕಲ್ ತರುವವ ನಾನೊಬ್ಬನೇ. ಅಜ್ಜ ನನ್ನ ಸೈಕಲ್ ನೋಡಿದರು. ನಿನ್ನದೇ ಅಲ್ವಾ, ಅಂದರು.”

“ನೀನೆಂಥ ಹೇಳಿದೆ?”

“ಹೌದು ಅಂದೆ.”

“ಯಾಕೆ?”

“ಅಲ್ಲ ಅಂದರೆ ಯಾರದ್ದು ಅಂತ ಕೇಳ್ತಾರಲ್ಲ.” ಅವನು ನನ್ನ ಮುಖ ನೋಡಲಿಲ್ಲ. “ಇನ್ನು ಸೈಕಲ್ ಹಿಡ್ಕೊಂಡು ಆ ಕಡೆ ಬರಬೇಡ ಅಂದಿದ್ದಾರೆ. ನೀನು ಒಂದು ಮಾತು ಕೇಳಿದ್ದರೆ ನಾನೇ ಕರಕೊಂಡು ಹೋಗ್ತಿದ್ದೆ, ಮಾರಾಯ. ಬನ್ಸ್ ಉಂಟಾ ಇಲ್ವಾ?”

ನಾನು ಅವನಿಗೆ ಬನ್ಸ್ ಹೇಳಿದೆ. ಕಟ್ಟದ ಮಾತನ್ನು ಸಿದ್ಧಕಟ್ಟೆಯವರೆಗೂ ಎತ್ತಲಿಲ್ಲ, ಮನೆಯಲ್ಲೂ ಎತ್ತಲಿಲ್ಲ. ಅಮ್ಮ ಅವನ ಅಂಗಿ ಒಗೆದು ಒಣಗಲು ಹಾಕಿದಳು. ಆ ದಿನದ ಪುಟದಲ್ಲಿ ‘ನಾ, ಒಂದು ಗಂಟೆ ನಲವತ್ತೆಂಟು ನಿಮಿಷ’ ಎಂದಿದೆ. ಇಷ್ಟು ದೊಡ್ಡ ಅಂತರ ಬೇರೆ ಯಾವ ಪುಟದಲ್ಲೂ ಇಲ್ಲ.

ಮುಂದಿನ ಭಾನುವಾರದಿಂದ ಇಬ್ಬರೂ ಡಾಂಬರಿನಲ್ಲೇ ಹೋದೆವು. ಹನ್ನೊಂದು ಸುತ್ತು. ಹನ್ನೊಂದೂ ‘ಭಾ’, ನಾಲ್ಕು ನಿಮಿಷದಿಂದ. ವೇಣೂರಿನ ಆಚೆಯ ಆ ತಿರುವಿನಲ್ಲಿ ಅವನು ಕೆಳಗಿನ ಹೊಳೆಯ ಕಡೆ ನೋಡುತ್ತಿದ್ದುದನ್ನು ಹಿಂದಿನಿಂದ ಕಂಡಿದ್ದೇನೆ. ಮೇ ತಿಂಗಳಿನಲ್ಲಿ ಅಂಗಡಿಯಲ್ಲಿ ಅವನಿಗೆ ಭಾನುವಾರವೂ ಕೆಲಸ ಬಂದು ಸುತ್ತು ನಿಂತಿತು. ಈಗ ಮದುವೆ ಮುಂಜಿಗಳಲ್ಲಿ ಸಿಗುತ್ತೇವೆ. ಅವನು ಆ ಮಾತು ಎತ್ತುವುದಿಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವನ ಒಳ್ಳೆಯತನವೂ ನನಗಿಂತ ಮುಂದೆ ಹೋಗಿ ಕೂತಿದೆ ಎಂದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಇದನ್ನು ಬರೆಯುತ್ತಿರುವ ೨೦೦೪ರಲ್ಲಿ, ಕಳೆದ ತಿಂಗಳು, ಒಬ್ಬನೇ ಅಲ್ಲಿಗೆ ಹೋಗಿದ್ದೆ. ಮಣ್ಣಿನ ಕಟ್ಟ ಇಲ್ಲ. ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂದಿದೆ, ಅದರ ಮೇಲೆ ರಿಕ್ಷಾ ಹೋಗುತ್ತದೆ. ಪಕ್ಕದಲ್ಲಿ ಒಂದು ಅಂಗಡಿ ಇದೆ, ಅದರಲ್ಲಿದ್ದವರು ಹೊಸಬರು. ಆ ಅಜ್ಜನ ಮನೆ ಯಾವುದೆಂದು ಅವರಿಗೆ ಗೊತ್ತಿಲ್ಲ. ಆ ದಿನ ಎಷ್ಟು ನೀರು ಹೋಯಿತು, ಆ ವರ್ಷ ಯಾರ ಗದ್ದೆ ಒಣಗಿತು, ಈ ಲೆಕ್ಕ ನನ್ನ ಯಾವ ಪುಟದಲ್ಲೂ ಇಲ್ಲ.

ಆ ಕಟ್ಟಕ್ಕೆ ಮಣ್ಣು ಹೊತ್ತವರು, ಜನವರಿ ೨೪ರ ಬೆಳಿಗ್ಗೆ ಅದನ್ನು ಮುಚ್ಚಿದವರು, ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ತಿಳಿದಷ್ಟನ್ನು ಪ್ರಕಾಶಕರ ವಿಳಾಸಕ್ಕೆ ಬರೆದು ತಿಳಿಸಬೇಕು. ಆ ಅಜ್ಜ ಇದ್ದರೆ, ಚಕ್ರದ ಗೆರೆ ವಿಟ್ಲದವನದ್ದಲ್ಲ, ಪಾಣೆಮಂಗಳೂರಿನವನದ್ದು ಎಂದು ಓದಿ ಹೇಳಬೇಕು. ಉತ್ತರವನ್ನು ಭಾವನ ಹತ್ತಿರ ಹೇಳಿ ಕಳುಹಿಸಬೇಡಿ. ಬೈಗುಳವಾದರೂ ಸರಿ, ನನಗೇ ಬರೆಯಿರಿ.